ಕಪ್ಪು ಕುಳಿಯ ಸುತ್ತಣ ಗಾಳಿ: ಸಂಚಯನ ಬಿಲ್ಲೆಗಳಿಂದ ಹೊರಡುವ ದ್ರವ್ಯಪ್ರವಾಹವನ್ನು ಕುರಿತು

1. ಪ್ರಸ್ತಾವನೆ

ಕಪ್ಪು ಕುಳಿಗಳನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ತನ್ನ ಬಳಿಗೆ ಬಂದುದೆಲ್ಲವನ್ನೂ ಕಪ್ಪು ಕುಳಿ ನುಂಗಿಬಿಡುತ್ತದೆ ಎಂಬುದೇ ಆ ಮಾತು. ಈ ತಿಳಿವಳಿಕೆಗೆ ಕನ್ನಡದ ಹೆಸರೂ ಒಂದಿಷ್ಟು ಕಾರಣವಾಗಿದೆ. ‘ಕುಳಿ’ ಎಂದೊಡನೆ ಬೀಳುವುದು ನೆನಪಿಗೆ ಬರುತ್ತದೆ, ಏಳುವುದು ಬರುವುದಿಲ್ಲ. ‘ಕೃಷ್ಣವಿವರ’, ‘ಕಪ್ಪು ರಂಧ್ರ’ ಎಂಬ ಪರ್ಯಾಯಗಳಿಗೂ ಈ ಮಾತು ಅನ್ವಯಿಸುತ್ತದೆ.

ಆದರೆ ಕಳೆದ ಮೂರು ದಶಕಗಳ ಕ್ಷ-ಕಿರಣ ವೀಕ್ಷಣೆಗಳು ಬೇರೊಂದು ಚಿತ್ರವನ್ನು ಮುಂದಿಟ್ಟಿವೆ. ಸೂರ್ಯನ ಐದಾರು ಪಟ್ಟಿನಿಂದ ಇಪ್ಪತ್ತು ಪಟ್ಟಿನವರೆಗೆ ದ್ರವ್ಯರಾಶಿಯುಳ್ಳ, ನಕ್ಷತ್ರಗಳ ಅಳಿವಿನಿಂದ ಹುಟ್ಟಿದ ಕಪ್ಪು ಕುಳಿಗಳ ಸುತ್ತ ಅನಿಲದ ಬಿಲ್ಲೆಯೊಂದು ಸುತ್ತುತ್ತಿರುತ್ತದೆ. ಆ ಬಿಲ್ಲೆಯ ಮೇಲ್ಮೈಯಿಂದ ಸೆಕೆಂಡಿಗೆ ನೂರಾರು ಕಿಲೋಮೀಟರು ವೇಗದ ಗಾಳಿ ಹೊರಕ್ಕೆ ಬೀಸುತ್ತದೆ. ಈ ಗಾಳಿಯಲ್ಲಿ ಹೊರಹೋಗುವ ದ್ರವ್ಯವು ಒಳಗೆ ಬೀಳುವ ದ್ರವ್ಯಕ್ಕೆ ಸಮನಾಗಿರಬಹುದು, ಅನೇಕ ಸಂದರ್ಭಗಳಲ್ಲಿ ಅದಕ್ಕಿಂತ ಹೆಚ್ಚೂ ಆಗಿರಬಹುದು. ಹಾಗಿದ್ದರೆ, ಕಪ್ಪು ಕುಳಿಯ ಕಡೆಗೆ ಹೊರಟ ಅನಿಲದ ಬಹುಭಾಗ ಕಪ್ಪು ಕುಳಿಯನ್ನು ಸೇರುವುದೇ ಇಲ್ಲ. ಈ ಗಾಳಿ ಎಲ್ಲಿಂದ ಏಳುತ್ತದೆ, ಅದನ್ನು ಏಳಿಸುವ ಬಲ ಯಾವುದು, ಅದು ಇರುವುದು ನಮಗೆ ತಿಳಿದದ್ದು ಹೇಗೆ, ಅದರಿಂದ ಕಪ್ಪು ಕುಳಿಯ ಜಮಾಖರ್ಚಿನಲ್ಲಿ ಆಗುವ ವ್ಯತ್ಯಾಸವೇನು ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸುತ್ತೇವೆ. ನಮ್ಮ ದೇಶದ ಉಪಕರಣಗಳು ಪಾಲ್ಗೊಂಡ ಒಂದು ವೀಕ್ಷಣೆಯನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದ್ದೇವೆ.

2. ಬಿಲ್ಲೆಯ ರಚನೆ ಮತ್ತು ಅಳತೆ

ಒಂಟಿಯಾಗಿರುವ ಕಪ್ಪು ಕುಳಿ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೊಂದು ಸಂಗಾತಿ ನಕ್ಷತ್ರವಿದ್ದು, ಎರಡೂ ಪರಸ್ಪರ ಸುತ್ತುತ್ತಿದ್ದಾಗ ಮಾತ್ರ ನಮ್ಮ ವಿಷಯ ಆರಂಭವಾಗುತ್ತದೆ. ಸಂಗಾತಿಯ ಹೊರಪದರದ ಅನಿಲವು ಕಪ್ಪು ಕುಳಿಯ ಸೆಳೆತಕ್ಕೆ ಸಿಕ್ಕಿ ಹರಿದುಬರುತ್ತದೆ. ಆದರೆ ಅದು ನೇರವಾಗಿ ಒಳಗೆ ಬೀಳಲಾರದು. ಕಕ್ಷೆಯಲ್ಲಿ ಸುತ್ತುತ್ತಿದ್ದ ಅನಿಲಕ್ಕೆ ಕೋನೀಯ ಸಂವೇಗವಿರುತ್ತದೆ, ಅದನ್ನು ಕಳೆದುಕೊಳ್ಳದೆ ಒಳಕ್ಕೆ ಸರಿಯುವಂತಿಲ್ಲ. ಹೀಗಾಗಿ ಅನಿಲವು ಬಿಲ್ಲೆಯಾಗಿ ಹರಡಿಕೊಂಡು, ಪದರ ಪದರಗಳ ನಡುವಣ ತಿಕ್ಕಾಟದಿಂದ ಕೋನೀಯ ಸಂವೇಗವನ್ನು ಹೊರಕ್ಕೆ ಸಾಗಿಸುತ್ತ ನಿಧಾನವಾಗಿ ಒಳಕ್ಕೆ ಇಳಿಯುತ್ತದೆ. ಇದೇ ಸಂಚಯನ ಬಿಲ್ಲೆ. ಇದರ ಗಣಿತರೂಪವನ್ನು 1973ರಲ್ಲಿ ಶಕೂರಾ ಮತ್ತು ಸುನ್ಯಾಯೆವ್ ಎಂಬ ಸೋವಿಯತ್ ವಿಜ್ಞಾನಿಗಳು ನೀಡಿದರು. ಈ ಕ್ಷೇತ್ರದ ಲೆಕ್ಕಾಚಾರಗಳು ಇಂದಿಗೂ ಅದನ್ನು ಆಧರಿಸಿವೆ.

ಇಳಿಯುವ ಅನಿಲವು ಬಿಸಿಯಾಗುತ್ತದೆ. ಒಳಅಂಚಿನಲ್ಲಿ ಉಷ್ಣತೆ ಸುಮಾರು ಒಂದು ಕೋಟಿ ಡಿಗ್ರಿ ಮುಟ್ಟುವುದರಿಂದ ಅಲ್ಲಿನ ಬೆಳಕು ಮುಖ್ಯವಾಗಿ ಕ್ಷ-ಕಿರಣವಾಗಿರುತ್ತದೆ. ಜಲಜನಕವು ಹೀಲಿಯಮ್ ಆಗುವ ಸಮ್ಮಿಳನ ಕ್ರಿಯೆಯಲ್ಲಿ ದ್ರವ್ಯರಾಶಿಯ ಶೇಕಡಾ 0.7 ಭಾಗ ಮಾತ್ರ ಶಕ್ತಿಯಾಗುತ್ತದೆ. ಭ್ರಮಣೆಯಿಲ್ಲದ ಕಪ್ಪು ಕುಳಿಯ ಬಿಲ್ಲೆಯಲ್ಲಾದರೋ ಶೇಕಡಾ 5.7 ಭಾಗ ಶಕ್ತಿಯಾಗಿ ಹೊರಬೀಳುತ್ತದೆ. ವೇಗವಾಗಿ ಭ್ರಮಿಸುವ ಕಪ್ಪು ಕುಳಿಯಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಬೀಳುವ ದ್ರವ್ಯವು ಹೀಗೆ ಪ್ರಬಲ ಬೆಳಕನ್ನು ಹುಟ್ಟಿಸುತ್ತದೆ ಎಂಬ ಸಂಗತಿಯೇ ಮುಂದಿನ ವಿವೇಚನೆಗೆ ಬುನಾದಿ.

ಅಳತೆಗಳ ಕಲ್ಪನೆ ಮೊದಲೇ ಇರುವುದು ಒಳ್ಳೆಯದು. ಲೇಖನವು ನವಮುಂಬಯಿಯ ಘಣಸೋಲಿಯಲ್ಲಿ ಸಿದ್ಧವಾದುದರಿಂದ ಅಲ್ಲಿಂದಲೇ ಅಳೆಯೋಣ. ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿಯ, ಭ್ರಮಣೆಯಿಲ್ಲದ ಕಪ್ಪು ಕುಳಿಯ ಘಟನಾ ಕ್ಷಿತಿಜದ ತ್ರಿಜ್ಯ ಸುಮಾರು 30 ಕಿಲೋಮೀಟರು. ಘಣಸೋಲಿಯನ್ನು ಕೇಂದ್ರವಾಗಿಟ್ಟು ಭೂಪಟದ ಮೇಲೆ ಅಷ್ಟು ತ್ರಿಜ್ಯದ ವೃತ್ತ ಎಳೆದರೆ ಠಾಣೆ, ಡೊಂಬಿವಲಿ, ಕಲ್ಯಾಣಗಳು ಒಳಗೆ ಬರುತ್ತವೆ; ದಕ್ಷಿಣ ಮುಂಬಯಿಯ ಕೊಲಾಬಾ ಸರಿಸುಮಾರು ಅಂಚಿನ ಮೇಲೆ ನಿಲ್ಲುತ್ತದೆ. ಬಿಲ್ಲೆಯ ಒಳಅಂಚು ಇದರ ಮೂರು ಪಟ್ಟು ದೂರದಲ್ಲಿ, ಅಂದರೆ 90 ಕಿಲೋಮೀಟರಿನಲ್ಲಿದೆ. ಉತ್ತರಕ್ಕೆ ಹೊರಟರೆ ಡಹಾಣೂ ಇನ್ನೂ ಸಿಗುವುದಿಲ್ಲ. ಬಿಲ್ಲೆಯ ಕ್ಷ-ಕಿರಣಗಳ ಬಹುಪಾಲು ಹುಟ್ಟುವುದು ಈ ಅಂಚನ್ನು ಸುತ್ತಿಕೊಂಡ ಕೆಲವು ನೂರು ಕಿಲೋಮೀಟರುಗಳಲ್ಲಿ. ಗಾಳಿ ಏಳುವ ನೆಲೆಯಾದರೋ ಲಕ್ಷಾಂತರ ಕಿಲೋಮೀಟರು ಆಚೆಗಿದೆ. ಘಣಸೋಲಿಯಿಂದ ಅಳೆದರೆ ಅದು ಚಂದ್ರನಿಂದಲೂ ಆಚೆಗೆ ಹೋಗುತ್ತದೆ. ಆದುದರಿಂದ ಗಾಳಿಯು ಕುಳಿಯೊಳಗಿಂದ ಹಿಂದಿರುಗಿ ಬರುವ ವಸ್ತುವಲ್ಲ; ಕ್ಷಿತಿಜ ದಾಟಿದುದು ಮರಳುವುದಿಲ್ಲ ಎಂಬ ನಿಯಮಕ್ಕೆ ಇಲ್ಲಿ ಯಾವ ಭಂಗವೂ ಇಲ್ಲ. ಇನ್ನೂ ಬಹುದೂರದಲ್ಲಿರುವ ಅನಿಲವು ದಾರಿಯಲ್ಲೇ ಹಿಂದಕ್ಕೆ ತಳ್ಳಲ್ಪಡುತ್ತದೆ.

3. ಗಾಳಿ ಗೋಚರಿಸಿದ ಬಗೆ

ಈ ಗಾಳಿಯ ಚಿತ್ರವನ್ನು ಯಾರೂ ತೆಗೆದಿಲ್ಲ. ಸಾವಿರಾರು ಜ್ಯೋತಿರ್ವರ್ಷ ದೂರದಲ್ಲಿರುವ ಈ ವ್ಯವಸ್ಥೆಗಳು ಅತ್ಯುತ್ತಮ ಕ್ಷ-ಕಿರಣ ದೂರದರ್ಶಕದಲ್ಲೂ ಒಂದು ಚುಕ್ಕೆಯಷ್ಟೇ. ಸಾಕ್ಷ್ಯ ದೊರೆಯುವುದು ರೋಹಿತದಿಂದ. ಬಿಲ್ಲೆಯ ಒಳಭಾಗದಿಂದ ಹೊರಟ ಕ್ಷ-ಕಿರಣವು ನಮ್ಮತ್ತ ಬರುವ ದಾರಿಯಲ್ಲಿ ಗಾಳಿಯ ಮೂಲಕ ಹಾಯ್ದಾಗ, ಗಾಳಿಯಲ್ಲಿರುವ ಅಯಾನುಗಳು ತಮಗೆ ಹೊಂದುವ ಶಕ್ತಿಯ ಕಿರಣಗಳನ್ನು ಹೀರಿಕೊಳ್ಳುತ್ತವೆ. ರೋಹಿತದಲ್ಲಿ ಆ ಸ್ಥಾನಗಳು ಕಪ್ಪು ಗೆರೆಗಳಾಗಿ ಉಳಿಯುತ್ತವೆ.

ಇಲ್ಲಿ ಮುಖ್ಯವಾದುದು ಕಬ್ಬಿಣ. ಸಾಮಾನ್ಯ ಕಬ್ಬಿಣದ ಪರಮಾಣುವಿಗೆ 26 ಎಲೆಕ್ಟ್ರಾನುಗಳು. ಗಾಳಿಯಲ್ಲಿರುವ ಕಬ್ಬಿಣಕ್ಕೆ ಕ್ಷ-ಕಿರಣಗಳ ಹೊಡೆತದಿಂದ ಉಳಿದಿರುವುದು ಎರಡು ಅಥವಾ ಒಂದೇ ಒಂದು. ಎರಡು ಎಲೆಕ್ಟ್ರಾನುಗಳು ಉಳಿದ ಅಯಾನು 6.70 ಕಿಲೊಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲೂ, ಒಂದೇ ಉಳಿದ ಅಯಾನು 6.97ರ ಬಳಿಯಲ್ಲೂ ಗೆರೆ ಮೂಡಿಸುತ್ತವೆ. ಅನಿಲವು ನಮ್ಮ ಕಡೆಗೆ ಚಲಿಸುತ್ತಿದ್ದರೆ ಡಾಪ್ಲರ್ ಪರಿಣಾಮದಿಂದ ಗೆರೆ ಸ್ವಲ್ಪ ಮೇಲಿನ ಶಕ್ತಿಗೆ ಸರಿಯುತ್ತದೆ. ಆ ಸರಿತದಿಂದ ವೇಗ ತಿಳಿಯುತ್ತದೆ. ಗೆರೆಯ ಆಳದಿಂದ ದಾರಿಯಲ್ಲಿರುವ ಅನಿಲದ ಮೊತ್ತ ತಿಳಿಯುತ್ತದೆ.

ತೊಡಕು ಇರುವುದು ಈ ಸರಿತದ ಅಲ್ಪತೆಯಲ್ಲಿ. ಸೆಕೆಂಡಿಗೆ 500 ಕಿಲೋಮೀಟರು ವೇಗಕ್ಕೆ 6.97ರ ಗೆರೆ ಸರಿಯುವುದು ಸುಮಾರು 12 ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಅನಿಲ ತುಂಬಿದ ಹಳೆಯ ಬಗೆಯ ಶೋಧಕಗಳು ಈ ಶಕ್ತಿಯಲ್ಲಿ ಸಾವಿರ ಎಲೆಕ್ಟ್ರಾನ್ ವೋಲ್ಟ್‌ಗಿಂತ ಸೂಕ್ಷ್ಮವಾದ ಭೇದವನ್ನು ಕಾಣಲಾರವು. ಸಿಲಿಕಾನ್ ಶೋಧಕಗಳ ಸೂಕ್ಷ್ಮತೆ ನೂರೈವತ್ತರ ಆಸುಪಾಸು. ಜಪಾನಿನ ಆಸ್ಕಾ ಉಪಗ್ರಹವು ಈ ಬಗೆಯ ಸಿಲಿಕಾನ್ ಶೋಧಕದಿಂದಲೇ 1990ರ ದಶಕದ ನಡುವಿನಲ್ಲಿ ಜಿಆರ್‌ಒ ಜೆ1655-40 ಮತ್ತು ಜಿಆರ್‌ಎಸ್ 1915+105 ಎಂಬ ಎರಡು ಆಕರಗಳಲ್ಲಿ ಕಬ್ಬಿಣದ ಗೆರೆಗಳನ್ನು ಗುರುತಿಸಿತು. ಅನಿಲ ಇರುವುದು ಗೊತ್ತಾಯಿತು, ಆದರೆ ಅದು ಚಲಿಸುತ್ತಿದೆ ಎಂದು ಖಚಿತವಾಗಿ ಹೇಳಲು ಆಗಲಿಲ್ಲ. 1999ರ ಜುಲೈಯಲ್ಲಿ ಹಾರಿದ ಅಮೆರಿಕದ ಚಂದ್ರಾ ವೀಕ್ಷಣಾಲಯದಲ್ಲಿ ಕ್ಷ-ಕಿರಣವನ್ನು ವಿಭಜಿಸುವ ಜಾಲಕಗಳಿದ್ದವು. ಅವುಗಳ ಸೂಕ್ಷ್ಮತೆ ಸುಮಾರು 40 ಎಲೆಕ್ಟ್ರಾನ್ ವೋಲ್ಟ್. ಸಾಕಷ್ಟು ಕಿರಣಗಳು ಸಂಗ್ರಹವಾದರೆ ಗೆರೆಯ ನಡುಬಿಂದುವನ್ನು ಇದಕ್ಕಿಂತಲೂ ನಿಖರವಾಗಿ ಗುರುತಿಸಬಹುದು. ಗಾಳಿಯ ವೇಗ ಅಳತೆಗೆ ಸಿಕ್ಕಿದ್ದು ಹೀಗೆ.

ಚಂದ್ರಾ ಎಂಬ ಹೆಸರು ಸುಬ್ರಹ್ಮಣ್ಯನ್ ಚಂದ್ರಶೇಖರರ ನೆನಪಿನದು. ನಕ್ಷತ್ರವೊಂದು ಕುಸಿಯದೆ ನಿಲ್ಲುವುದಕ್ಕೆ ದ್ರವ್ಯರಾಶಿಯ ಮಿತಿಯಿದೆ ಎಂದು ತೋರಿಸಿ, ಕಪ್ಪು ಕುಳಿಗಳ ವಿಚಾರಕ್ಕೆ ದಾರಿ ತೆರೆದವರು ಅವರು.

4. ಒಂದು ನಿದರ್ಶನ: 2016ರ ಅಕ್ಟೋಬರ್

ಇನ್ನು ನಮ್ಮ ಮುಖ್ಯ ನಿದರ್ಶನಕ್ಕೆ ಬರೋಣ. ಅದರ ಹಿನ್ನೆಲೆಯಾಗಿ ಎರಡು ಸಂಗತಿಗಳನ್ನು ನೆನೆಯಬೇಕು. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ಆರ್ಯಭಟ ಉಪಗ್ರಹದಲ್ಲಿ ಕ್ಷ-ಕಿರಣ ಖಗೋಳದ ಪ್ರಯೋಗವೊಂದಿತ್ತು. ಆ ಯೋಜನೆಯನ್ನು ಮುನ್ನಡೆಸಿದವರು ಉಡುಪಿ ಬಳಿಯ ಅದಮಾರಿನವರಾದ ಯು. ಆರ್. ರಾವ್. ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವಾದರೂ ಕೆಲಸದ ಪರಂಪರೆ ನಿಲ್ಲಲಿಲ್ಲ. 1996ರ ಮಾರ್ಚ್ 21ರಂದು ಐಆರ್‌ಎಸ್-ಪಿ3 ಉಪಗ್ರಹದೊಂದಿಗೆ ಹೋದ ಭಾರತೀಯ ಕ್ಷ-ಕಿರಣ ಖಗೋಳ ಪ್ರಯೋಗವು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಹಾಗೂ ಬೆಂಗಳೂರಿನ ಉಪಗ್ರಹ ಕೇಂದ್ರಗಳ ಜಂಟಿ ಕೃತಿ. ಅದು ಜಿಆರ್‌ಎಸ್ 1915+105ರ ಕ್ಷ-ಕಿರಣಗಳ ಏರಿಳಿತಗಳನ್ನು ದಾಖಲಿಸಿತು.

2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟೆಯಿಂದ ಕಕ್ಷೆಗೇರಿದ ಆಸ್ಟ್ರೋಸ್ಯಾಟ್ ಈ ಪರಂಪರೆಯ ಫಲ. ಅದರ ಮೃದು ಕ್ಷ-ಕಿರಣ ದೂರದರ್ಶಕ ಮತ್ತು ಲ್ಯಾಕ್ಸ್‌ಪಿಸಿ ಎಂಬ ದೊಡ್ಡ ವಿಸ್ತೀರ್ಣದ ಶೋಧಕಗಳು ಸಿದ್ಧವಾದುದು ನಮ್ಮ ವೃತ್ತದ ಅಂಚಿನಲ್ಲಿ ನಿಂತ ಕೊಲಾಬಾದ ಆ ಟಾಟಾ ಸಂಸ್ಥೆಯಲ್ಲೇ. ಉಪಗ್ರಹದ ನಿಯಂತ್ರಣ ಬೆಂಗಳೂರಿನಿಂದ. ದತ್ತಾಂಶದ ಭಂಡಾರ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಲ್ಯಾಕ್ಸ್‌ಪಿಸಿ ಅನಿಲ ತುಂಬಿದ ಶೋಧಕವಾದ್ದರಿಂದ ಗಾಳಿಯ ಗೆರೆಗಳನ್ನು ಅದು ಬಿಡಿಸಿ ಕಾಣಲಾರದು. ಅದರ ಬಲ ಇರುವುದು 3ರಿಂದ 80 ಕಿಲೊಎಲೆಕ್ಟ್ರಾನ್ ವೋಲ್ಟ್‌ವರೆಗಿನ ವಿಶಾಲ ವ್ಯಾಪ್ತಿಯಲ್ಲಿ, ಮತ್ತು ಪ್ರತಿ ಕಿರಣದ ಆಗಮನವನ್ನು ಸೆಕೆಂಡಿನ ಲಕ್ಷದ ಒಂದು ಭಾಗದಷ್ಟು ನಿಖರವಾಗಿ ದಾಖಲಿಸುವುದರಲ್ಲಿ.

4ಯು 1630-47 ಎಂಬುದು ದಕ್ಷಿಣ ಆಕಾಶದ ನಾರ್ಮಾ ರಾಶಿಯ ದಿಕ್ಕಿನಲ್ಲಿರುವ ಆಕರ. ಹೆಸರಿನ ಮೊದಲ ಭಾಗವು ಉಹೂರು ಉಪಗ್ರಹದ ನಾಲ್ಕನೆಯ ಪಟ್ಟಿಯನ್ನು ಸೂಚಿಸುತ್ತದೆ. ಇದು ಸುಮಾರು ಎರಡು ವರ್ಷಕ್ಕೊಮ್ಮೆ ಉಲ್ಬಣಿಸುತ್ತದೆ. ನಡುವಣ ದಟ್ಟ ಧೂಳಿನಿಂದಾಗಿ ಸಂಗಾತಿಯ ಚಲನೆಯನ್ನು ಅಳೆದು ಕಪ್ಪು ಕುಳಿಯನ್ನು ತೂಗಲು ಸಾಧ್ಯವಾಗಿಲ್ಲ. ಕ್ಷ-ಕಿರಣದ ನಡವಳಿಕೆಯಿಂದ ಅದನ್ನು ಕಪ್ಪು ಕುಳಿಯೆಂದು ಪರಿಗಣಿಸಲಾಗಿದೆ. 2016ರ ಉಲ್ಬಣದಲ್ಲಿ ಆಸ್ಟ್ರೋಸ್ಯಾಟ್ ಮತ್ತು ಚಂದ್ರಾ ಎರಡೂ ಇದನ್ನು ನೋಡಿದವು. ಮಯೂಖ್ ಪಹಾರಿ ಮತ್ತು ಸಂಗಡಿಗರು ಅದರ ವಿಶ್ಲೇಷಣೆಯನ್ನು 2018ರಲ್ಲಿ ಪ್ರಕಟಿಸಿದರು.

ಚಂದ್ರಾದ ರೋಹಿತದಲ್ಲಿ 6.705 ಮತ್ತು 6.974 ಕಿಲೊಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಎರಡು ಸ್ಪಷ್ಟ ಗೆರೆಗಳಿದ್ದವು. ನಿಶ್ಚಲ ಅನಿಲದ ಗೆರೆಗಳಿಗಿಂತ ಇವು ತುಸು ಮೇಲಿನವು. ಆ ಸರಿತದಿಂದ ಪಡೆದ ಗಾಳಿಯ ವೇಗ ಸೆಕೆಂಡಿಗೆ 366 ಕಿಲೋಮೀಟರು, ಅನಿಶ್ಚಿತತೆ 56. ಆಸ್ಟ್ರೋಸ್ಯಾಟ್‌ನ ವಿಶಾಲ ರೋಹಿತವು ಬೇರೊಂದು ಸಂಗತಿಯನ್ನು ತಿಳಿಸಿತು: ಬರುತ್ತಿದ್ದ ಕ್ಷ-ಕಿರಣದ ಶೇಕಡಾ 97ರಷ್ಟು ಬಿಲ್ಲೆಯದೇ. ಅಂದರೆ ಬಿಲ್ಲೆಯೇ ಪ್ರಧಾನವಾಗಿ ಬೆಳಗುವ ‘ಮೃದು ಸ್ಥಿತಿ’ಯಲ್ಲಿ ಆಕರವಿತ್ತು. ಎರಡು ಉಪಗ್ರಹಗಳ ದತ್ತಾಂಶವನ್ನು ಸೇರಿಸಿ ಲೆಕ್ಕ ಹಾಕಿದಾಗ ಕಪ್ಪು ಕುಳಿಯ ಭ್ರಮಣೆ ಗರಿಷ್ಠ ಮಿತಿಯ 0.92ರಷ್ಟು ಎಂದು ಬಂತು. ಒಂದು ಉಪಕರಣ ಗಾಳಿಯನ್ನು ಕಂಡಿತು. ಇನ್ನೊಂದು ಗಾಳಿಗೆ ಕಾವು ಕೊಡುವ ಒಲೆಯನ್ನು ಅಳೆಯಿತು. ಎರಡೂ ಇಲ್ಲದಿದ್ದರೆ ಚಿತ್ರ ಪೂರ್ಣವಾಗುತ್ತಿರಲಿಲ್ಲ.

ಸೆಕೆಂಡಿಗೆ 366 ಕಿಲೋಮೀಟರು ಎಂಬುದು ಅಚ್ಚರಿಯ ವೇಗವೇನೂ ಅಲ್ಲ. ನಮ್ಮ ಸೌರ ಮಾರುತದ ವೇಗವೂ ಇಷ್ಟೇ. ವ್ಯತ್ಯಾಸ ಇರುವುದು ಮೊತ್ತದಲ್ಲಿ. ಸೂರ್ಯ ತನ್ನ ಮಾರುತದಲ್ಲಿ ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೆ ತುಸು ಮೇಲ್ಪಟ್ಟು ದ್ರವ್ಯವನ್ನು ಕಳೆದುಕೊಳ್ಳುತ್ತಾನೆ. ಹತ್ತು ಸೂರ್ಯರ ತೂಕದ ಕಪ್ಪು ಕುಳಿಯೊಂದು ತನ್ನ ಕಾಂತಿಯ ಮಿತಿಯ ಹತ್ತನೆಯ ಒಂದು ಭಾಗದಷ್ಟು ಬೆಳಗಬೇಕಾದರೆ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ಟನ್ ದ್ರವ್ಯ ಒಳಗೆ ಬೀಳಬೇಕು. ಗಾಳಿ ಇದಕ್ಕೆ ಸಮನಾಗಿದ್ದರೆ ಅದು ಸೌರ ಮಾರುತದ ಹತ್ತು ಲಕ್ಷ ಪಟ್ಟು.

5. ಗಾಳಿಯನ್ನು ಏಳಿಸುವ ಬಲ

ಗಾಳಿಗೆ ಮೂರು ಕಾರಣಗಳನ್ನು ಊಹಿಸಬಹುದು: ಬೆಳಕಿನ ಒತ್ತಡ, ಕಾವು, ಕಾಂತಕ್ಷೇತ್ರ.

ಬೆಳಕಿನ ಒತ್ತಡವು ಬಿಸಿ ನಕ್ಷತ್ರಗಳಲ್ಲಿ ಬಲವಾದ ಗಾಳಿಯನ್ನು ಏಳಿಸುತ್ತದೆ. ಅಲ್ಲಿ ಅಯಾನುಗಳಿಗೆ ಇನ್ನೂ ಅನೇಕ ಎಲೆಕ್ಟ್ರಾನುಗಳಿದ್ದು, ಅವು ನೂರಾರು ಗೆರೆಗಳಲ್ಲಿ ಬೆಳಕನ್ನು ಹೀರಿ ತಳ್ಳಲ್ಪಡುತ್ತವೆ. ನಮ್ಮ ಸಂದರ್ಭದಲ್ಲಿ ಕಬ್ಬಿಣಕ್ಕೇ ಒಂದೆರಡು ಎಲೆಕ್ಟ್ರಾನು ಉಳಿದಿರುವಾಗ ಹಗುರ ಧಾತುಗಳಿಗೆ ಏನೂ ಉಳಿದಿರುವುದಿಲ್ಲ. ಹಾಯಿಯನ್ನೇ ಕಳೆದುಕೊಂಡ ದೋಣಿಯಂತೆ ಅನಿಲವು ಬೆಳಕಿನ ನೂಕಿಗೆ ಸಿಗುವುದಿಲ್ಲ. ಆಕರವು ಕಾಂತಿಯ ಮಿತಿಯನ್ನು ಸಮೀಪಿಸಿದಾಗ ಮಾತ್ರ ಈ ಒತ್ತಡ ಗಣನೀಯವಾಗುತ್ತದೆ.

ಎರಡನೆಯದು ಕಾವು. 1983ರಲ್ಲಿ ಬೆಗಲ್‌ಮನ್, ಮೆಕೀ ಮತ್ತು ಶೀಲ್ಡ್ಸ್ ನೀಡಿದ ಈ ವಿವರಣೆ ಸರಳವಾಗಿದೆ. ಒಳಭಾಗದ ಕ್ಷ-ಕಿರಣಗಳು ಹೊರ ಬಿಲ್ಲೆಯ ಮೇಲ್ಮೈಗೆ ಬಿದ್ದು ಅಲ್ಲಿನ ತೆಳು ಅನಿಲವನ್ನು ಕಾಯಿಸುತ್ತವೆ. ಈ ಕಾಯುವಿಕೆಗೆ ಒಂದು ಮಿತಿಯಿದೆ. ಎಲೆಕ್ಟ್ರಾನುಗಳು ಕಿರಣಗಳಿಂದ ಪಡೆಯುವ ಶಕ್ತಿಯೂ ಅವಕ್ಕೆ ಮರಳಿ ಕೊಡುವ ಶಕ್ತಿಯೂ ಸಮವಾದಾಗ ಉಷ್ಣತೆ ನಿಲ್ಲುತ್ತದೆ. ಆ ಉಷ್ಣತೆ ಸುಮಾರು ಒಂದು ಕೋಟಿ ಮೂವತ್ತು ಲಕ್ಷ ಡಿಗ್ರಿ ಎಂದಿಟ್ಟುಕೊಳ್ಳೋಣ. ಗಮನಿಸಬೇಕಾದುದು ಇಷ್ಟು: ಈ ಮಿತಿ ಕಿರಣಗಳ ಬಗೆಯನ್ನು ಅವಲಂಬಿಸಿದೆ, ದೂರವನ್ನಲ್ಲ. ಹತ್ತಿರದಲ್ಲಾಗಲಿ ದೂರದಲ್ಲಾಗಲಿ ಕಾದ ಅನಿಲದ ಉಷ್ಣತೆ ಒಂದೇ. ಆದರೆ ಗುರುತ್ವದ ಹಿಡಿತವು ದೂರ ಹೋದಂತೆ ಸಡಿಲಗೊಳ್ಳುತ್ತದೆ. ಹೀಗಾಗಿ ಒಂದು ದೂರದಿಂದಾಚೆಗೆ ಅನಿಲವು ತನ್ನ ಕಾವಿನಿಂದಲೇ ಗುರುತ್ವವನ್ನು ಮೀರುತ್ತದೆ, ಗಾಳಿಯಾಗಿ ಹೊರಡುತ್ತದೆ.

ಹತ್ತು ಸೂರ್ಯರ ಕಪ್ಪು ಕುಳಿಗೆ ಲೆಕ್ಕ ಹಾಕಿದರೆ ಆ ದೂರ ಸುಮಾರು 75 ಲಕ್ಷ ಕಿಲೋಮೀಟರು. ಅದರ ಹತ್ತನೆಯ ಒಂದು ಭಾಗದಿಂದಲೇ, ಅಂದರೆ ಏಳೂವರೆ ಲಕ್ಷ ಕಿಲೋಮೀಟರಿನಿಂದಲೇ, ಗಾಳಿ ಏಳತೊಡಗಬಹುದು. ಚಂದ್ರನಿಗಿರುವ ದೂರದ ಸುಮಾರು ಎರಡು ಪಟ್ಟು ಇದು. 75 ಲಕ್ಷ ಕಿಲೋಮೀಟರಿನಲ್ಲಿ ವಿಮೋಚನ ವೇಗ ಸೆಕೆಂಡಿಗೆ 600 ಕಿಲೋಮೀಟರು; ಆ ಉಷ್ಣತೆಯ ಅನಿಲದಲ್ಲಿ ಶಬ್ದದ ವೇಗ ಸುಮಾರು 400. ಅಳತೆಗೆ ಸಿಕ್ಕಿರುವ ಗಾಳಿಗಳ ವೇಗವೂ ಹಲವು ನೂರು ಕಿಲೋಮೀಟರಿನ ಈ ಶ್ರೇಣಿಯದೇ. ಈ ಹೊಂದಾಣಿಕೆ ಕಾವಿನ ವಿವರಣೆಗೆ ದೊಡ್ಡ ಬೆಂಬಲ. ಜೊತೆಗೆ, ಬಿಲ್ಲೆ ಅಷ್ಟು ದೂರದವರೆಗೆ ಹರಡಿದ್ದರೆ ಮಾತ್ರ ಇಂಥ ಗಾಳಿ ಸಾಧ್ಯ. ಜಿಆರ್‌ಎಸ್ 1915+105ರಲ್ಲಿ ಕಪ್ಪು ಕುಳಿಯೂ ಸಂಗಾತಿಯೂ 33.8 ದಿನಗಳಿಗೊಮ್ಮೆ ಸುತ್ತುತ್ತವೆ. ಅವುಗಳ ಅಂತರ ಸುಮಾರು ಏಳು ಕೋಟಿ ಕಿಲೋಮೀಟರು. ಅಂಥಲ್ಲಿ ಬಿಲ್ಲೆಗೆ ಹರಡಲು ಬೇಕಾದಷ್ಟು ಸ್ಥಳವಿದೆ.

ಮೂರನೆಯದು ಕಾಂತಕ್ಷೇತ್ರ. 1982ರಲ್ಲಿ ಬ್ಲಾಂಡ್‌ಫರ್ಡ್ ಮತ್ತು ಪೇನ್ ತೋರಿಸಿದಂತೆ, ಬಿಲ್ಲೆಯಿಂದ ಹೊರಚಾಚಿದ ಕಾಂತರೇಖೆ ಬಿಲ್ಲೆಯೊಡನೆ ತಿರುಗುತ್ತದೆ. ಆ ರೇಖೆ ಸಾಕಷ್ಟು ಹೊರಕ್ಕೆ ಬಾಗಿದ್ದರೆ, ತಿರುಗುವ ತಂತಿಗೆ ಪೋಣಿಸಿದ ಮಣಿ ತುದಿಯತ್ತ ಜಾರುವಂತೆ, ಅನಿಲವು ಹೊರಕ್ಕೆ ಎಸೆಯಲ್ಪಡುತ್ತದೆ. ಇದಕ್ಕೆ ದೂರದ ಮಿತಿಯಿಲ್ಲ. ಒಳಭಾಗದಿಂದಲೂ ಗಾಳಿ ಏಳಬಹುದು.

ಕಾವೋ ಕಾಂತವೋ ಎಂಬ ವಾದ ತೀವ್ರಗೊಂಡದ್ದು ಜಿಆರ್‌ಒ ಜೆ1655-40ರ 2005ರ ವೀಕ್ಷಣೆಯಿಂದ. ಅಲ್ಲಿನ ಗಾಳಿ ಅಸಾಧಾರಣವಾಗಿ ದಟ್ಟವಾಗಿದ್ದು, ಕಪ್ಪು ಕುಳಿಗೆ ತುಂಬ ಹತ್ತಿರದಿಂದ ಏಳುತ್ತಿರುವಂತೆ ತೋರಿತು. ಕಾವು ಅಲ್ಲಿಂದ ಗಾಳಿಯನ್ನು ಏಳಿಸಲಾರದಾದ್ದರಿಂದ ಕಾಂತಕ್ಷೇತ್ರವೇ ಕಾರಣವೆಂದು ಮಿಲ್ಲರ್ ಮತ್ತು ಸಂಗಡಿಗರು 2006ರಲ್ಲಿ ವಾದಿಸಿದರು. ಆಕರದ ನಿಜವಾದ ಕಾಂತಿಯನ್ನು ದಟ್ಟ ಅನಿಲವೇ ನಮ್ಮಿಂದ ಮರೆಮಾಡಿತ್ತು, ಕಾಂತಿ ಹೆಚ್ಚೆಂದು ಹಿಡಿದರೆ ಕಾವು ಮತ್ತು ಬೆಳಕಿನ ಒತ್ತಡಗಳೇ ಸಾಕು ಎಂಬ ಪ್ರತಿವಾದ ಅನಂತರ ಬಂತು. ಸಾಮಾನ್ಯ ಗಾಳಿಗಳಿಗೆ ಕಾವೇ ಮುಖ್ಯ ಕಾರಣವೆಂದು ಹಲವರು ಒಪ್ಪುತ್ತಾರೆ. ಈ ಒಂದು ಗಾಳಿಯ ಮಟ್ಟಿಗೆ ವಾದ ಪೂರ್ತಿ ಇತ್ಯರ್ಥವಾಗಿಲ್ಲ.

6. ಗಾಳಿ ಮತ್ತು ಚಿಮ್ಮುಧಾರೆ

ಕಪ್ಪು ಕುಳಿಯ ವ್ಯವಸ್ಥೆಗಳಿಂದ ಇನ್ನೊಂದು ಬಗೆಯಲ್ಲೂ ದ್ರವ್ಯ ಹೊರಬರುತ್ತದೆ. ಬಿಲ್ಲೆಗೆ ಲಂಬವಾಗಿ, ಬೆಳಕಿನ ವೇಗಕ್ಕೆ ಸಮೀಪವಾಗಿ ಹೊರಡುವ ಎರಡು ಸಪೂರ ಚಿಮ್ಮುಧಾರೆಗಳು ಅವು. ರೇಡಿಯೋ ದೂರದರ್ಶಕಗಳು ಅವನ್ನು ಕಾಣುತ್ತವೆ. ಗಾಳಿಯಾದರೋ ಬಿಲ್ಲೆಯ ಸಮತಲಕ್ಕೆ ಹತ್ತಿರವಾಗಿ ಹರಡುತ್ತದೆ. ಬಿಲ್ಲೆಯನ್ನು ಅಂಚಿನ ಕಡೆಯಿಂದ ನೋಡುವ ವ್ಯವಸ್ಥೆಗಳಲ್ಲೇ ಗೆರೆಗಳು ಕಾಣಿಸುತ್ತವೆ. ಪೊಂಟಿ ಮತ್ತು ಸಂಗಡಿಗರು 2012ರಲ್ಲಿ ಇದನ್ನು ವ್ಯವಸ್ಥಿತವಾಗಿ ತೋರಿಸಿದರು. ಅವರ ಇನ್ನೊಂದು ತೀರ್ಮಾನವೂ ಮಹತ್ತ್ವದ್ದು: ಈ ಗಾಳಿ ಕಾಣುವುದು ಮೃದು ಸ್ಥಿತಿಯಲ್ಲಿ; ಚಿಮ್ಮುಧಾರೆ ಕಾಣುವ ‘ಕಠಿಣ ಸ್ಥಿತಿ’ಯಲ್ಲಿ ಅದು ಮರೆಯಾಗುತ್ತದೆ.

ಜಿಆರ್‌ಎಸ್ 1915+105ರಲ್ಲಿ ಈ ಸರದಿಯನ್ನು ನೀಲ್ಸನ್ ಮತ್ತು ಲೀ 2009ರಲ್ಲೇ ಗುರುತಿಸಿದ್ದರು. 1992ರಲ್ಲಿ ಪತ್ತೆಯಾದ ಈ ಕಪ್ಪು ಕುಳಿ ಸೂರ್ಯನ ಸುಮಾರು 12 ಪಟ್ಟು ತೂಗುತ್ತದೆ. ಚಂದ್ರಾದ ಹತ್ತು ವರ್ಷಗಳ ದಾಖಲೆಗಳನ್ನು ಒಟ್ಟಿಗೆ ಇಟ್ಟು ನೋಡಿದ ಅವರು, ಗಾಳಿ ಬಲವಾದಾಗ ಧಾರೆ ಕುಂದುವುದನ್ನು ಕಂಡರು. ಧಾರೆಗೆ ಬೇಕಾದ ದ್ರವ್ಯವನ್ನು ಗಾಳಿಯೇ ಹೊರಗೆ ಕೊಂಡೊಯ್ಯುತ್ತದೆ ಎಂಬುದು ಅವರ ವಿವರಣೆ.

ಈ ನಿಯಮಕ್ಕೆ ಅಪವಾದಗಳೂ ಇವೆ. ವಿ404 ಸಿಗ್ನಿ ಎಂಬ ಆಕರವು 2015ರ ಜೂನ್‌ನಲ್ಲಿ ಉಲ್ಬಣಿಸಿದಾಗ, ಕ್ಯಾನರಿ ದ್ವೀಪಗಳ 10.4 ಮೀಟರು ದೂರದರ್ಶಕವು ಕಣ್ಣಿಗೆ ಕಾಣುವ ಬೆಳಕಿನಲ್ಲೇ ಗಾಳಿಯನ್ನು ಪತ್ತೆಮಾಡಿತು. ಜಲಜನಕ, ಹೀಲಿಯಮ್‌ಗಳ ಈ ತಂಪು ಗಾಳಿ ಸೆಕೆಂಡಿಗೆ 3000 ಕಿಲೋಮೀಟರುವರೆಗೆ ಬೀಸುತ್ತಿತ್ತು, ಅದೇ ದಿನಗಳಲ್ಲಿ ಚಿಮ್ಮುಧಾರೆಗಳೂ ಇದ್ದವು. ಇಂಥ ತಂಪು ಗಾಳಿ ಕಠಿಣ ಸ್ಥಿತಿಯಲ್ಲೂ ಇರುತ್ತದೆಂದು 2018ರಲ್ಲಿ ಉಲ್ಬಣಿಸಿದ ಮ್ಯಾಕ್ಸಿ ಜೆ1820+070 ತೋರಿಸಿತು. ಹಾಗಾದರೆ ಕ್ಷ-ಕಿರಣದಲ್ಲಿ ಗಾಳಿ ಮರೆಯಾಗುವುದು ಗಾಳಿ ನಿಂತುದರಿಂದಲೋ, ಅಥವಾ ಗೆರೆ ಮೂಡಿಸುವ ಅಯಾನುಗಳು ಮಾತ್ರ ಇಲ್ಲವಾದುದರಿಂದಲೋ ಎಂಬ ಪ್ರಶ್ನೆ ಏಳುತ್ತದೆ. ಕಾಣದಿರುವುದನ್ನು ಇಲ್ಲದಿರುವುದೆಂದು ತಿಳಿಯಲಾಗದು ಎಂಬ ಎಚ್ಚರ ಇಲ್ಲಿ ಅಗತ್ಯ.

ಏಳಲು ಹೊರಟು ಮರಳಿ ಬೀಳುವ ಗಾಳಿಯೂ ಉಂಟು. ಜಿಆರ್‌ಎಸ್ 1915+105 2018ರಿಂದ ಮಂಕಾಗಿ, 2019ರಲ್ಲಿ ದಟ್ಟ ಅನಿಲದ ಮರೆಗೆ ಸರಿಯಿತು. ವಿಮೋಚನ ವೇಗ ಮುಟ್ಟಲಾರದ ‘ವಿಫಲ ಗಾಳಿ’ಯೇ ಆ ಮರೆ ಎಂಬ ವಿವರಣೆಯನ್ನು ಕೆಲವರು ಮುಂದಿಟ್ಟಿದ್ದಾರೆ.

7. ಜಮಾಖರ್ಚು

ಈಗ ಮೊದಲ ಪ್ರಶ್ನೆಗೆ ಮರಳೋಣ. ಗಾಳಿಯ ಮೊತ್ತವನ್ನು ತಿಳಿಯಲು ವೇಗ ಮತ್ತು ಸಾಂದ್ರತೆಗಳ ಜೊತೆಗೆ ಅದು ಏಳುವ ದೂರವೂ, ಆಕಾಶದಲ್ಲಿ ಹರಡಿರುವ ಕೋನವೂ ತಿಳಿಯಬೇಕು. ಕೊನೆಯ ಎರಡು ನೇರವಾಗಿ ಅಳತೆಗೆ ಸಿಗುವುದಿಲ್ಲ. ಈ ಮಿತಿಯನ್ನು ಒಪ್ಪಿಕೊಂಡೇ 2012ರ ಅಧ್ಯಯನವು, ಪ್ರಕಾಶಮಾನ ಮೃದು ಸ್ಥಿತಿಯಲ್ಲಿ ಗಾಳಿಯಲ್ಲಿ ಹೊರಹೋಗುವ ದ್ರವ್ಯ ಒಳಬೀಳುವುದರ ಎರಡು ಪಟ್ಟಿಗೂ ಹೆಚ್ಚು ಎಂದು ಅಂದಾಜಿಸಿತು. 2018ರಲ್ಲಿ ಟೆಟರೆಂಕೊ ಮತ್ತು ಸಂಗಡಿಗರು ಗೆರೆಗಳನ್ನು ಬಿಟ್ಟು ಬೇರೆ ದಾರಿ ಹಿಡಿದರು. ಉಲ್ಬಣಗಳು ಎಷ್ಟು ಬೇಗ ಇಳಿಯುತ್ತವೆ ಎಂದು ಲೆಕ್ಕ ಹಾಕಿ, ಬಿಲ್ಲೆಯಲ್ಲಿನ ತಿಕ್ಕಾಟವೊಂದರಿಂದಲೇ ಇಷ್ಟು ಬೇಗ ಬಿಲ್ಲೆ ಬರಿದಾಗಲಾರದು, ಉಲ್ಬಣದುದ್ದಕ್ಕೂ ಗಾಳಿ ದ್ರವ್ಯವನ್ನು ಕೊಂಡೊಯ್ಯುತ್ತಿರಬೇಕು ಎಂದು ತೋರಿಸಿದರು. ಎರಡು ಬೇರೆ ದಾರಿಗಳು ಒಂದೇ ಕಡೆಗೆ ಬಂದಿವೆ.

ನಮ್ಮ ಕಣಗಳಲ್ಲಿ ರಾಶಿ ತೂರುವುದನ್ನು ಕಂಡವರಿಗೆ ಇದನ್ನು ಹೀಗೆ ಹೇಳಬಹುದು. ಗಾಳಿಗೆ ಹಿಡಿದಾಗ ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ಹಾರಿಹೋಗುತ್ತದೆ. ಉಳಿಯುವುದೇ ಹೆಚ್ಚು, ಹೋಗುವುದು ಕಡಿಮೆ. ಕಪ್ಪು ಕುಳಿಯ ಕಣದಲ್ಲಿ ಈ ಪ್ರಮಾಣ ತಿರುಗುಮುರುಗು. ಮೇಲಾಗಿ ಇಲ್ಲಿ ಗಾಳಿ ಹೊರಗಿನಿಂದ ಬರುವುದಲ್ಲ. ಮುಂದೆ ಹೋಗಿ ಒಳಗೆ ಬಿದ್ದ ಅನಿಲದ ಬೆಳಕೇ ಹಿಂದೆ ಬರುತ್ತಿರುವ ಅನಿಲವನ್ನು ಹೊರಗಟ್ಟುತ್ತದೆ. ಹೆಚ್ಚು ಬಿದ್ದಷ್ಟೂ ಬೆಳಕು ಹೆಚ್ಚು, ಬೆಳಕು ಹೆಚ್ಚಿದಷ್ಟೂ ಗಾಳಿ ಹೆಚ್ಚು. ಕಪ್ಪು ಕುಳಿಯ ಊಟಕ್ಕೆ ಅದರ ಊಟವೇ ಮಿತಿ ಹಾಕುತ್ತದೆ.

ಮುಂದಿನ ಕೆಲಸ ಈಗಾಗಲೇ ಆರಂಭವಾಗಿದೆ. 2023ರ ಸೆಪ್ಟೆಂಬರಿನಲ್ಲಿ ಹಾರಿದ ಜಪಾನಿನ ಎಕ್ಸ್‌ರಿಸಮ್ ಉಪಗ್ರಹದ ಶೋಧಕವು 5 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಸೂಕ್ಷ್ಮ. ಅದು 4ಯು 1630-47ರ ಉಲ್ಬಣವೊಂದು ಇಳಿಯುತ್ತಿದ್ದಾಗ, 2024ರಲ್ಲಿ, ಕಬ್ಬಿಣದ ಗೆರೆಗಳನ್ನು ಬಿಡಿಸಿ ನೋಡಿದೆ. ಇದೇ ಆಕರವನ್ನು 2022ರಲ್ಲಿ ನೋಡಿದ ಐಎಕ್ಸ್‌ಪಿಇ ಉಪಗ್ರಹವು ಕ್ಷ-ಕಿರಣದ ಧ್ರುವೀಕರಣವನ್ನು ಅಳೆದಿತ್ತು. ಅದು 2 ಕಿಲೊಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಶೇಕಡಾ 6, 8ರಲ್ಲಿ ಶೇಕಡಾ 10. ಸಾಮಾನ್ಯ ಬಿಲ್ಲೆಯಿಂದ ಇಷ್ಟನ್ನು ನಿರೀಕ್ಷಿಸಿರಲಿಲ್ಲ. ಬಿಲ್ಲೆಯ ಮೇಲ್ಪದರವೇ ಹೊರಮುಖವಾಗಿ ಚಲಿಸುತ್ತಿದೆ ಎಂಬುದು ಸೂಚಿತ ಕಾರಣಗಳಲ್ಲೊಂದು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆ ನಿರ್ಮಿಸಿದ ಪೋಲಿಕ್ಸ್ ಉಪಕರಣವು 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್‌ನೊಡನೆ ಕಕ್ಷೆಗೇರಿದುದು ಇದೇ ಧ್ರುವೀಕರಣವನ್ನು ಇನ್ನೂ ಮೇಲಿನ ಶಕ್ತಿಗಳಲ್ಲಿ ಅಳೆಯುವುದಕ್ಕಾಗಿ.

8. ಹೆಸರಿನ ವಿಚಾರ

ಕೊನೆಯಲ್ಲಿ ಪರಿಭಾಷೆಯ ಬಗ್ಗೆ ಒಂದು ಮಾತು. ಹೊರನಾಡಿನಲ್ಲಿದ್ದು ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರಿಗೆ ಈ ತೊಡಕು ಪರಿಚಿತ. ‘ಸೌರ ಮಾರುತ’ ಎಂಬ ರೂಪ ನಮ್ಮಲ್ಲಿ ನೆಲೆಯೂರಿದೆ. ಅದರ ಮಾದರಿಯಲ್ಲಿ ‘ಬಿಲ್ಲೆ ಮಾರುತ’ ಎಂದರೆ ಅರಿಸಮಾಸದ ಆಕ್ಷೇಪ ಬರುತ್ತದೆ. ‘ಚಕ್ರಮಾರುತ’ ಎಂದರೆ ಸುಂಟರಗಾಳಿಯೆಂಬ ತಪ್ಪು ಅರ್ಥ ಹುಟ್ಟುತ್ತದೆ. ‘ಬಿಲ್ಲೆಗಾಳಿ’ ಎಂಬುದು ಸುಲಭ, ಸಮಾಸವೂ ಸಹಜ. ಬಿಲ್ಲೆ ಗಟ್ಟಿವಸ್ತುವಿನ ಭಾವನೆ ಕೊಡುತ್ತದೆಂಬ ಕೊರತೆ ಇದ್ದರೂ, ಆಕಾಶಗಂಗೆಯ ವರ್ಣನೆಯಲ್ಲಿ ಆ ಪದ ಈಗಾಗಲೇ ಬಳಕೆಯಲ್ಲಿದೆ. ಆದ್ದರಿಂದ ನಾವು ‘ಬಿಲ್ಲೆಗಾಳಿ’ಯನ್ನು ಸೂಚಿಸುತ್ತೇವೆ. ಇದಕ್ಕಿಂತ ಒಳ್ಳೆಯ ಪದ ದೊರೆತರೆ ಅದನ್ನು ಸ್ವಾಗತಿಸುತ್ತೇವೆ.

‘ಕಪ್ಪು ಕುಳಿ’ ಎಂಬ ಹೆಸರನ್ನು ಬದಲಿಸುವ ಅಗತ್ಯ ನಮಗೆ ಕಂಡಿಲ್ಲ. ಕ್ಷಿತಿಜದ ಒಳಗಿನ ಮಟ್ಟಿಗೆ ಅದು ಯಥಾರ್ಥವೇ. ಆದರೆ ಆ ಮೂವತ್ತು ಕಿಲೋಮೀಟರಿನ ಹೊರಗೆ ಲಕ್ಷಾಂತರ ಕಿಲೋಮೀಟರು ಹರಡಿದ ಬಿಲ್ಲೆಯಲ್ಲಿ ಬೀಳುವುದೂ ಉಂಟು, ಏಳುವುದೂ ಉಂಟು. ಎರಡನ್ನೂ ಸೇರಿಸಿ ಎಣಿಸಿದರೆ ಮಾತ್ರ ಕಪ್ಪು ಕುಳಿಯ ಲೆಕ್ಕ ಸರಿಹೋಗುತ್ತದೆ.